ಓದುಗರ ಪ್ರಶ್ನೆಗಳು: ಚಕಮಕಿ ಪಿಸ್ತೂಲಿನ ಒಳಹೊರಗು

ಖಂಡೇನವಮಿ ಸಂಚಿಕೆಯಲ್ಲಿ ಹಳೆಯ ವಾಡೆಗಳ ಆಯುಧಗಳ ಬಗ್ಗೆ ಬರೆದ ಮೇಲೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳಿದ್ದು ಒಂದೇ ವಸ್ತುವಿನ ಬಗ್ಗೆ: ಚಕಮಕಿ ಕಲ್ಲಿನ ಪಿಸ್ತೂಲು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಮುತ್ಯಾನ ಕಾಲದ ಪೆಟ್ಟಿಗೆಯಲ್ಲಿ ಒಂದು ಗೇಣು ನಳಿಗೆಯ ಪಿಸ್ತೂಲು ಸಿಕ್ಕಿದೆ. ಕುದುರೆಯ, ಅಂದರೆ ಕಲ್ಲು ಹಿಡಿದು ಬಡಿಯುವ ಕೊಕ್ಕೆಯ, ಬಾಯಲ್ಲಿ ಕಲ್ಲಿನ ಚೂರು ಇನ್ನೂ ಇದೆ. ಮನೆಯ ಹುಡುಗರು ಕುದುರೆ ಎಳೆದು ಬಿಟ್ಟು ಟಕ್ ಟಕ್ ಅನ್ನಿಸುತ್ತಿರುತ್ತಾರೆ. ಇದು ಕೆಲಸ ಮಾಡುವ ಬಗೆ ಹೇಗೆ?
— ಓದುಗರು, ಬೈಲಹೊಂಗಲ

ಅದನ್ನು ಇವತ್ತೇ ಹುಡುಗರ ಕೈಯಿಂದ ತೆಗೆದಿಡಿ. ಕರಿಮದ್ದು ಒಣಗಿದ್ದರೆ ನೂರು ವರ್ಷ ಕಳೆದರೂ ಅದರ ಸತ್ವ ಹೋಗುವುದಿಲ್ಲ. ಬಾಯಿಂದ ತುಂಬಿದ ಗುಂಡನ್ನು ಹಾರಿಸದೆ ಹೊರತೆಗೆಯುವುದು ತ್ರಾಸದ ಕೆಲಸವಾದ್ದರಿಂದ, ಎಷ್ಟೋ ಮನೆಗಳಲ್ಲಿ ಪಿಸ್ತೂಲು ತುಂಬಿದ್ದು ತುಂಬಿದಂತೆಯೇ ಪೆಟ್ಟಿಗೆ ಸೇರಿದೆ.

ಖಾಲಿ ಇದೆಯೋ ಇಲ್ಲವೋ ಎಂದು ನೋಡುವ ಬಗೆ ಹೀಗೆ. ನಳಿಗೆಯ ಬಾಯಿ ಯಾರ ಕಡೆಗೂ, ನಿಮ್ಮ ಕಡೆಗೂ ಇರಬಾರದು. ಕುದುರೆ ಎತ್ತಿದ ಸ್ಥಿತಿಯಲ್ಲಿದ್ದರೆ ಅದನ್ನು ಮುಟ್ಟಬೇಡಿ, ಬಲ್ಲವರನ್ನು ಕರೆಸಿ. ಕೆಳಗಿದ್ದರೆ ಪೆನ್ಸಿಲ್ ದಪ್ಪದ ಬಿದಿರು ಕಡ್ಡಿಯೊಂದನ್ನು ಪಕ್ಕದಿಂದ ಹಿಡಿದು, ಬಾಯಿಯಿಂದ ನಿಧಾನವಾಗಿ ಒಳಗೆ ಬಿಡಿ. ಕಬ್ಬಿಣದ ಸಲಾಕೆ ಬೇಡ, ಒತ್ತುವುದೂ ಬೇಡ. ಕಡ್ಡಿ ತಡೆದು ನಿಂತಾಗ ನಳಿಗೆಯ ಅಂಚಿಗೆ ಸರಿಯಾಗಿ ಅದರ ಮೇಲೆ ಗುರುತು ಹಾಕಿ ಹೊರಗೆ ತೆಗೆಯಿರಿ. ಆ ಗುರುತನ್ನು ನಳಿಗೆಯ ಬಾಯಿಗೆ ಹೊಂದಿಸಿ ಕಡ್ಡಿಯನ್ನು ನಳಿಗೆಯ ಹೊರಮೈ ಮೇಲೆ ಇಡಿ. ತುದಿ ನಳಿಗೆಯ ಹಿಂಬದಿಯ ಸಣ್ಣ ತೂತಿನವರೆಗೆ, ಅಂದರೆ ಕಿವಿಯವರೆಗೆ ಬಂದರೆ ಒಳಗೆ ಏನೂ ಇಲ್ಲ. ಎರಡು ಬೆರಳಿನಷ್ಟು ಮೊದಲೇ ನಿಂತರೆ ಒಳಗೆ ಏನೋ ಇದೆ. ಅದು ಜೇಡರಹುಳದ ಗೂಡೂ ಇರಬಹುದು, ಮದ್ದು ಗುಂಡೂ ಇರಬಹುದು. ಗುಂಡೇ ಇದೆ ಎಂದು ತಿಳಿದು ನಡೆಯಿರಿ. ಕೆದಕಬೇಡಿ, ಬಿಸಿಲಿಗಿಡಬೇಡಿ, ಪೊಲೀಸ್ ಠಾಣೆಗೆ ತಿಳಿಸಿ. ಪರವಾನಗಿ ಇರುವ ಬಂದೂಕು ರಿಪೇರಿಯವರೇ ಅದನ್ನು ಹೊರತೆಗೆಯಬೇಕು.

ಈಗ ಕೆಲಸದ ಬಗೆ. ಹೊರಗಡೆ ಕಾಣುವವು ಮೂರು: ಕಲ್ಲು ಕಚ್ಚಿ ಹಿಡಿದ ಕುದುರೆ, ಅದರ ಎದುರಿಗೆ ನಿಂತ ಉಕ್ಕಿನ ಕದ, ಕದದ ಬುಡದಲ್ಲಿರುವ ರಂಜಕದ, ಅಂದರೆ ಕಿಡಿಗೆ ಮೊದಲು ಹೊತ್ತುವ ಮದ್ದಿನ, ಬಟ್ಟಲು. ಕದ ಕಾಟಕೋನದ ಆಕಾರದ್ದು. ಅದರ ನಿಂತ ಮುಖಕ್ಕೆ ಕಲ್ಲು ಬಡಿಯುತ್ತದೆ, ಮಲಗಿದ ಭಾಗ ಬಟ್ಟಲಿಗೆ ಮುಚ್ಚಳವಾಗಿರುತ್ತದೆ. ಇಂಗ್ಲಿಷಿನವರು ಇದಕ್ಕೆ ಫ್ರಿಜನ್ ಎನ್ನುತ್ತಾರೆ. ಲಾಕಿನ ಫಲಕದ ಒಳಮೈಯಲ್ಲಿ ಇಕ್ಕುಳದಂತೆ ಮಡಚಿದ ದಪ್ಪ ಸ್ಪ್ರಿಂಗ್ ಇದೆ. ಅದು ಟಂಬ್ಲರ್ ಎಂಬ ತುಂಡನ್ನು ಒತ್ತುತ್ತಿರುತ್ತದೆ. ಕುದುರೆಯೂ ಟಂಬ್ಲರೂ ಒಂದೇ ಅಚ್ಚಿನ ಮೇಲಿವೆ, ಹಾಗಾಗಿ ಒಂದು ತಿರುಗಿದರೆ ಇನ್ನೊಂದೂ ತಿರುಗುತ್ತದೆ. ಟಂಬ್ಲರಿನ ಅಂಚಿನಲ್ಲಿ ಎರಡು ಕಚ್ಚುಗಳಿವೆ. ಸಿಯರ್ ಎಂಬ ಕೊಂಡಿಯ ಮೂಗು ಅವುಗಳಲ್ಲಿ ಕೂರುತ್ತದೆ.

ಮೊದಲಿನದು ಅರ್ಧ ಕಚ್ಚು. ಅದು ಆಳವಾಗಿರುತ್ತದೆ, ಮೂಗು ಅದರೊಳಗೆ ಸಿಕ್ಕಿಕೊಂಡರೆ ಟ್ರಿಗರ್ ಒತ್ತಿದರೂ ಬಿಡುವುದಿಲ್ಲ. ತುಂಬುವಾಗ, ಸೊಂಟಕ್ಕೆ ಸಿಗಿಸಿಕೊಂಡು ಸವಾರಿಗೆ ಹೊರಡುವಾಗ ಪಿಸ್ತೂಲು ಈ ಸ್ಥಿತಿಯಲ್ಲಿ ಇರುತ್ತಿತ್ತು. ಎರಡನೆಯದು ಪೂರ್ಣ ಕಚ್ಚು, ಬಲು ತೆಳು. ಟ್ರಿಗರ್ ಒತ್ತಿದರೆ ಮೂಗು ಜಾರಿ, ಸ್ಪ್ರಿಂಗು ಕುದುರೆಯನ್ನು ಮುಂದಕ್ಕೆ ಎಸೆಯುತ್ತದೆ. ಕಲ್ಲು ಉಕ್ಕಿನ ಮುಖವನ್ನು ಮೇಲಿನಿಂದ ಕೆಳಗೆ ಕೆರೆಯುತ್ತದೆ, ಆ ಹೊಡೆತಕ್ಕೇ ಕದ ಮುಂದಕ್ಕೆ ಸರಿದು ಬಟ್ಟಲು ತೆರೆದುಕೊಳ್ಳುತ್ತದೆ, ಕಿಡಿ ರಂಜಕದ ಮೇಲೆ ಬೀಳುತ್ತದೆ, ರಂಜಕದ ಉರಿ ಕಿವಿಯೊಳಗೆ ಹೊಕ್ಕು ನಳಿಗೆಯ ಮದ್ದಿಗೆ ಹತ್ತುತ್ತದೆ. ಚಲೋ ಲಾಕಿನಲ್ಲಿ ಇಷ್ಟೆಲ್ಲ ನಡೆಯುವುದು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ.

ಹಳೆಯ ಲಾಕುಗಳಲ್ಲಿ ಈ ಅರ್ಧ ಕಚ್ಚು ಸವೆದು ಮುರಿದಿರುವುದು ಬಹಳ. ಕಚ್ಚಿನ ತುಟಿ ಕೂದಲೆಳೆಯಷ್ಟು ಮುರಿದರೂ ಕುದುರೆ ತಾನಾಗಿ ಬೀಳುತ್ತದೆ. ಹುಡುಗರು ಟಕ್ ಅನ್ನಿಸಿದಾಗಲೆಲ್ಲ ಮುರಿಯುವುದು ಅದೇ ತುಟಿ.

ಕುದುರೆಯ ಬಾಯಿಗೆ ಹೊಲದಲ್ಲಿ ಸಿಕ್ಕ ಬಿಳಿ ಬೆಣಚುಕಲ್ಲು ಹಾಕಿ ನೋಡಿದೆವು. ನಾಲ್ಕು ಸಲ ಬಡಿದರೆ ಒಂದು ಕಿಡಿ. ಕಲ್ಲು ಬೇರೆ ಬೇಕೋ, ದೋಷ ಬೇರೆ ಕಡೆ ಇದೆಯೋ?
— ಓದುಗರು, ಮುಧೋಳ

ಕಿಡಿ ಕಲ್ಲಿನದಲ್ಲ, ಉಕ್ಕಿನದು. ಕಲ್ಲಿನ ಚೂಪು ಅಂಚು ಉಕ್ಕಿನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಹೊಟ್ಟನ್ನು ಹೆರೆಯುತ್ತದೆ. ಆ ಹೊಟ್ಟು ಉಜ್ಜಿದ ಕಾವಿಗೆ ಗಾಳಿಯಲ್ಲಿ ಉರಿದೇ ಹೋಗುತ್ತದೆ. ಕುರುಬರ ಚೀಲದಲ್ಲಿದ್ದ ಚಕಮಕಿಯಲ್ಲೂ ನಡೆಯುತ್ತಿದ್ದುದು ಇದೇ: ಕಲ್ಲು ಉಕ್ಕಿನ ತುಂಡನ್ನು ಹೆರೆಯುತ್ತದೆ, ಉರಿಯುವ ಹೊಟ್ಟು ಅರಳೆಯ ಮೇಲೆ ಬೀಳುತ್ತದೆ. ಆದ್ದರಿಂದ ಕಿಡಿ ಕಡಿಮೆಯಾದರೆ ಕಲ್ಲನ್ನೂ ಉಕ್ಕನ್ನೂ ಎರಡನ್ನೂ ನೋಡಬೇಕು.

ಕಲ್ಲಿನ ವಿಷಯ: ಬೆಣಚುಕಲ್ಲು ಗಟ್ಟಿಯೇ, ಆದರೆ ಒಡೆದಾಗ ಅಂಚು ಹರಳು ಹರಳಾಗಿ ಉದುರಿ ಒಂದೆರಡು ಹೊಡೆತಕ್ಕೆ ಮೊಂಡಾಗುತ್ತದೆ. ಬೇಕಾದದ್ದು ಗಾಜಿನಂತೆ ಚಿಪ್ಪು ಚಿಪ್ಪಾಗಿ ಸೀಳುವ ಕಲ್ಲು. ಇಂಗ್ಲೆಂಡಿನ ಬ್ರಾಂಡನ್ ಊರಿನ ಕರಿ ಚಕಮಕಿ ಕಲ್ಲು ಈ ಕೆಲಸಕ್ಕೇ ಹೆಸರಾಗಿತ್ತು. ನಮ್ಮಲ್ಲಿ ಅಕೀಕು, ಚರ್ಟ್ ಇದೇ ಜಾತಿಯವು. ಚರ್ಟ್ ನಿಮ್ಮ ಜಿಲ್ಲೆಯ ಕಲಾದಗಿ ಬಂಡೆಗಳಲ್ಲೇ ಇದೆ. ಒಳ್ಳೆಯ ಕಲ್ಲೂ ಸಾಮಾನ್ಯವಾಗಿ 20–30 ಹೊಡೆತಕ್ಕೆ ಮೊಂಡಾಗುತ್ತದೆ.

ಕೂರಿಸುವಾಗ ಕಲ್ಲನ್ನು ಬರಿದಾಗಿ ಕಬ್ಬಿಣದ ದವಡೆಗೆ ಸಿಗಿಸಬೇಡಿ. ಎರಡು ಮಿಲಿಮೀಟರ್ ದಪ್ಪದ ತೊಗಲಿನ ತುಂಡನ್ನು ಮಡಚಿ ಅದರೊಳಗೆ ಇಟ್ಟು ಮೇಲಿನ ತಿರುಪು ಬಿಗಿ ಮಾಡಿ. ತೊಗಲಿಲ್ಲದಿದ್ದರೆ ಕಲ್ಲು ಜಾರುತ್ತದೆ, ಇಲ್ಲವೆ ದವಡೆಯ ಒತ್ತಿಗೆ ಸೀಳುತ್ತದೆ. ಕುದುರೆ ಅರ್ಧ ಕಚ್ಚಿನಲ್ಲಿದ್ದು ಕದ ಮುಚ್ಚಿದಾಗ ಕಲ್ಲಿನ ಅಂಚಿಗೂ ಉಕ್ಕಿಗೂ ನಡುವೆ ಎರಡು ಮೂರು ಮಿಲಿಮೀಟರ್ ಸಂದಿ ಉಳಿಯಬೇಕು. ಅಂಚು ಉಕ್ಕಿನ ಮುಖಕ್ಕೆ ಸಮಾನಾಂತರವಾಗಿರಬೇಕು. ಓರೆಯಾಗಿದ್ದರೆ ಒಂದೇ ಮೂಲೆ ಬಡಿದು ಮುರಿಯುತ್ತದೆ. ಪೆಟ್ಟು ಮುಖದ ಮೇಲಿನ ಮೂರನೇ ಒಂದು ಭಾಗದಲ್ಲಿ ಬಿದ್ದು ಅಲ್ಲಿಂದ ಕೆಳಗೆ ಕೆರೆಯುತ್ತ ಬರಬೇಕು. ನಡುಮಧ್ಯಕ್ಕೆ ನೇರವಾಗಿ ಬಡಿದರೆ ಕಲ್ಲು ಪುಡಿಯಾಗುತ್ತದೆಯೇ ಹೊರತು ಉಕ್ಕು ಹೆರೆಯುವುದಿಲ್ಲ. ಹಾಗಾದಾಗ ಕಲ್ಲನ್ನು ಅಂಗಾತ ಮಾಡಿ, ಅಂದರೆ ಇಳಿಜಾರು ಮಗ್ಗುಲನ್ನು ಮೇಲಿನಿಂದ ಕೆಳಗೆ ತಿರುಗಿಸಿ ಕೂರಿಸಿದರೆ ಪೆಟ್ಟಿನ ಜಾಗ ಬದಲಾಗುತ್ತದೆ.

ಇಷ್ಟಾದರೂ ಕಿಡಿ ಬಾರದಿದ್ದರೆ ದೋಷ ಉಕ್ಕಿನದು. ಕದದ ಮೈ ಮೆತ್ತನೆಯ ಕಬ್ಬಿಣದ್ದು. ಅದರ ಮುಖವನ್ನಷ್ಟೇ ಇದ್ದಿಲ ಕಾವಿನಲ್ಲಿ ಹದ ಕೊಟ್ಟು ಗಟ್ಟಿ ಮಾಡಿರುತ್ತಾರೆ. ಆ ತೆಳು ಪದರು ಸವೆದರೆ ಕಲ್ಲು ಮೆತ್ತನೆಯ ಕಬ್ಬಿಣವನ್ನು ಉಳುತ್ತದೆ, ಮುಖದ ಮೇಲೆ ನೇಗಿಲ ಸಾಲಿನಂತೆ ಆಳ ಗೀರು ಬೀಳುತ್ತದೆ. ಹಿಂದೆ ಕಮ್ಮಾರರು ಮುಖಕ್ಕೆ ಹೊಸ ಉಕ್ಕಿನ ತಗಡು ಕೂರಿಸಿ ಮತ್ತೆ ಹದ ಕೊಡುತ್ತಿದ್ದರು. ನಿಮ್ಮದು ನೋಡಲು ಇಟ್ಟ ವಸ್ತುವಾದರೆ ಆ ಗೀರುಗಳನ್ನು ಹಾಗೇ ಬಿಡಿ. ಅದು ದುಡಿದ ಆಯುಧ ಎಂಬುದಕ್ಕೆ ಅವೇ ಸಾಕ್ಷಿ, ಬಡಿದು ನೋಡುವ ಆಟವೂ ಇಲ್ಲಿಗೆ ಸಾಕು.

ಪ್ರತಿ ಖಂಡೇನವಮಿಗೆ ಅದಕ್ಕ ಕುಸುಬಿ ಎಣ್ಣಿ ಹಚ್ಚಿ, ಅರಿಷಿಣ ಕುಂಕುಮ ಏರಿಸಿ ಪೂಜಿ ಮಾಡತೇವ್ರಿ. ಈಗ ಕುದುರಿ ಅಳ್ಳಾಡಂಗಿಲ್ಲ, ಹಿತ್ತಾಳಿ ಕಟ್ಟಿನ ಸುತ್ತ ಹಸಿರು ಬಂದೈತಿ. ಹುಣಸಿಹಣ್ಣು ಹಚ್ಚಿ ತಿಕ್ಕಬೇಕೇನ್ರಿ?
— ಓದುಗರು, ಸಿಂದಗಿ

ಹುಣಸೆಹಣ್ಣು ಖಂಡಿತ ಬೇಡ. ತಾಮ್ರದ ಕೊಡಕ್ಕೆ ಅದು ಸರಿ, ಇಲ್ಲಿ ಅದರ ಹುಳಿ ಹಿತ್ತಾಳೆಯ ಕಟ್ಟಿನ ಕೆಳಗಿನ ಮರಕ್ಕೂ ಕಬ್ಬಿಣಕ್ಕೂ ಇಳಿದು ವರ್ಷಗಟ್ಟಲೆ ತಿನ್ನುತ್ತದೆ. ನಿಂಬೆಹಣ್ಣಿಗೂ ಇದೇ ಮಾತು.

ಕುದುರೆ ಬಿಗಿದುಕೊಂಡಿದ್ದು ಬಹುತೇಕ ಎಣ್ಣೆಯಿಂದ. ಕುಸುಬಿ ಎಣ್ಣೆ, ಅಗಸಿ ಎಣ್ಣೆ ಇವು ಒಣಗುವ ಜಾತಿಯ ಎಣ್ಣೆಗಳು. ಗಾಳಿಯಲ್ಲಿ ತಿಂಗಳುಗಟ್ಟಲೆ ಕಳೆದರೆ ದಪ್ಪಗಾಗಿ, ಕಡೆಗೆ ವಾರ್ನಿಷಿನಂತೆ ಗಟ್ಟಿಯಾಗುತ್ತವೆ. ರೊಟ್ಟಿ ಹಂಚಿನ ಅಂಚಿನಲ್ಲಿ ಕಂದು ಬಣ್ಣದ ಅಂಟು ಕಟ್ಟುತ್ತದಲ್ಲ, ಟಂಬ್ಲರಿನ ಸುತ್ತ ಕಟ್ಟಿದ್ದೂ ಅಂಥದೇ. ಅದರಲ್ಲಿ ಕುಂಕುಮದ ಪುಡಿ ಕೂಡಿ ಲಪ್ಪದಂತಾಗಿದೆ. ಜೋರು ಮಾಡಿ ಎಳೆದರೆ ಕಚ್ಚು ಮುರಿಯುತ್ತದೆ.

ಮೊದಲು ಮೇಲೆ ಹೇಳಿದಂತೆ ಕಡ್ಡಿ ಬಿಟ್ಟು, ನಳಿಗೆ ಖಾಲಿ ಎಂದು ಖಚಿತ ಮಾಡಿಕೊಳ್ಳಿ. ಆಮೇಲೆ ಬಲಮಗ್ಗುಲಿನ ಲಾಕಿನ ಫಲಕವನ್ನು ಬಿಚ್ಚಬೇಕು. ಅದನ್ನು ಹಿಡಿದಿರುವ ಒಂದೋ ಎರಡೋ ತಿರುಪುಗಳ ತಲೆ ಎಡಮಗ್ಗುಲಿಗೆ ಇರುತ್ತದೆ. ಸ್ಕ್ರೂಡ್ರೈವರಿನ ತುದಿ ಸೀಳಿಗೆ ಬಿಗಿಯಾಗಿ ಕೂರಬೇಕು. ದಪ್ಪವಾದರೆ ತುದಿಯನ್ನು ಅರದಿಂದ ಉಜ್ಜಿ ಹೊಂದಿಸಿ, ತಿರುಪಿನ ಸೀಳನ್ನು ಅಗಲ ಮಾಡಬೇಡಿ. ಬಿಗಿದಿದ್ದರೆ ಸುತ್ತ ಒಂದೊಂದು ಹನಿ ತೆಳು ಮಶಿನ್ ಎಣ್ಣೆ ಬಿಟ್ಟು ಎರಡು ದಿನ ಬಿಡಿ. ತಿರುಪನ್ನು ನಾಲ್ಕೈದು ಸುತ್ತು ಸಡಿಲ ಮಾಡಿ, ಅದರ ತಲೆಯ ಮೇಲೆ ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ಫಲಕ ಬಲಕ್ಕೆ ತಾನೇ ಸರಿಯುತ್ತದೆ. ಅಂಚಿಗೆ ಚಾಕು ಹಾಕಿ ಎಬ್ಬಿಸಿದರೆ ಮರ ಸಿಬಿರು ಹಾರುತ್ತದೆ, ಆ ಗಾಯ ಮುಚ್ಚುವುದಿಲ್ಲ. ತಿರುಪುಗಳೆಲ್ಲ ಕೈಯಿಂದ ಮಾಡಿದವು, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ರಟ್ಟಿನ ಮೇಲೆ ಪಿಸ್ತೂಲಿನ ಚಿತ್ರ ಬರೆದು, ಯಾವ ತಿರುಪು ಎಲ್ಲಿಯದೋ ಅಲ್ಲೇ ಚುಚ್ಚಿಡಿ.

ಫಲಕ ಹೊರಬಂದ ಮೇಲೆ ದೊಡ್ಡ ಸ್ಪ್ರಿಂಗ್ ಬಿಚ್ಚುವ ಆಸೆ ಬೇಡ. ಅದಕ್ಕೆ ಬೇರೆಯೇ ಹಿಡಿಕೆ ಬೇಕು. ಇಕ್ಕಳದಿಂದ ಎಳೆದರೆ ಮುರಿಯುತ್ತದೆ, ಇಲ್ಲವೆ ಹಾರಿ ಮುಖಕ್ಕೆ ಬಡಿಯುತ್ತದೆ. ಹಾಗೇ ಇಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಟರ್ಪೆಂಟೈನ್ ಅದ್ದಿ ಅಂಟನ್ನು ಕರಗಿಸುತ್ತ ಬನ್ನಿ. ಒಂದೇ ಸಲಕ್ಕೆ ಹೋಗುವುದಿಲ್ಲ, ದಿನಕ್ಕೊಮ್ಮೆಯಂತೆ ಮೂರು ನಾಲ್ಕು ದಿನ ಬೇಕು. ಬೆಂಕಿ, ದೀಪ, ಬೀಡಿ ಹತ್ತಿರ ಇರಬಾರದು, ಕಿಟಕಿ ತೆರೆದಿರಲಿ. ಮೃದುವಾದ ಮೇಲೆ ಬಟ್ಟೆಯಿಂದ ಒರೆಸಿ, ಕೀಲುಗಳಿಗೆ ಮಾತ್ರ ಹೊಲಿಗೆ ಯಂತ್ರದ ಎಣ್ಣೆ ಸೂಜಿಮೊನೆಯಲ್ಲಿ ಒಂದೊಂದು ಹನಿ. ಹೆಚ್ಚಾದ ಎಣ್ಣೆ ಮರಕ್ಕೆ ಇಳಿದು ಮರವನ್ನು ಕಪ್ಪಾಗಿಸಿ ಮೆತ್ತಗೆ ಮಾಡುತ್ತದೆ.

ಹಿತ್ತಾಳೆಯ ಹಸಿರನ್ನು ಬಿದಿರಿನ ಹಲ್ಲುಕಡ್ಡಿಯಿಂದ ಕೆರೆದು ತೆಗೆದರೆ ಸಾಕು. ಕಬ್ಬಿಣದ ಕೆಂಪು ತುಕ್ಕಿಗೆ ಎಣ್ಣೆಯಲ್ಲಿ ಅದ್ದಿದ ಅತಿ ನಯದ ಸ್ಟೀಲ್ ವುಲ್ (ಉಕ್ಕಿನ ನಾರು), ಅದೂ ಹಗುರ ಕೈಯಿಂದ. ಸ್ಯಾಂಡ್ ಪೇಪರ್ ಮುಟ್ಟಬೇಡಿ. ಕಂದು ಹೊಳಪಿನ ಹಳೆಯ ಮೈ ತುಕ್ಕಲ್ಲ, ಅದನ್ನು ತಿಕ್ಕಿ ಬೆಳ್ಳಗೆ ಮಾಡಿದರೆ ಅಕ್ಷರ, ಮುದ್ರೆ ಎಲ್ಲ ಅಳಿದುಹೋಗುತ್ತವೆ.

ಪೂಜೆ ಬಿಡಬೇಕಾಗಿಲ್ಲ. ಪಿಸ್ತೂಲನ್ನು ಬಟ್ಟೆಯ ಮೇಲಿಟ್ಟು, ಕುಂಕುಮ ಹೂವನ್ನು ಮುಂದೆ ಇಟ್ಟ ತಟ್ಟೆಗೆ ಏರಿಸಿ.

ನಮ್ಮ ಊರಿನ ತಂಡ ರಾಯಣ್ಣನ ನಾಟಕ ಆಡುತ್ತದೆ. ಕಂಪನಿ ಸಾಹೇಬನ ಪಾತ್ರದವನು ಪಿಸ್ತೂಲು ತೆಗೆದ ಕೂಡಲೇ ಢಂ ಢಂ ಎಂದು ಮೂರು ಸಲ ಹಾರಿಸುತ್ತಾನೆ. ಅದು ತಪ್ಪು ಎಂದು ಹಿರಿಯರೊಬ್ಬರು ಹೇಳಿದರು. ಸರಿಯಾದ ಕ್ರಮ ಯಾವುದು?
— ಓದುಗರು, ಗೋಕಾಕ

ಹಿರಿಯರು ಹೇಳಿದ್ದು ಸರಿ. ಒಂದು ನಳಿಗೆಗೆ ಒಂದೇ ಗುಂಡು. ಮತ್ತೆ ತುಂಬಲು ಪಳಗಿದ ಕೈಗೂ ಕಾಲು ನಿಮಿಷಕ್ಕೆ ಕಡಿಮೆ ಆಗದು. ಅದಕ್ಕೇ ಸವಾರರು ಪಿಸ್ತೂಲನ್ನು ಜೋಡಿಯಾಗಿ ಇಟ್ಟುಕೊಳ್ಳುತ್ತಿದ್ದರು, ಹಾರಿಸಿದ ಮೇಲೆ ಕತ್ತಿ ಹಿರಿಯುತ್ತಿದ್ದರು.

ಪಾತ್ರಧಾರಿಯ ಕೈಚಲನೆ ಹೀಗಿರಲಿ. ಕುದುರೆಯನ್ನು ಅರ್ಧಕ್ಕೆ ಎಳೆಯಬೇಕು, ಒಂದು ಟಕ್. ಕದವನ್ನು ಮುಂದಕ್ಕೆ ತಳ್ಳಿ ಬಟ್ಟಲು ತೆರೆಯಬೇಕು. ಚೀಲದಿಂದ ಕಾಗದದ ತೋಟಾ ತೆಗೆದು ತುದಿಯನ್ನು ಹಲ್ಲಿನಿಂದ ಹರಿದು, ಬಟ್ಟಲಿಗೆ ಚಿಟಿಕೆ ಮದ್ದು ಸುರಿದು ಕದ ಮುಚ್ಚಬೇಕು. ನಳಿಗೆಯನ್ನು ಮೇಲ್ಮುಖ ಮಾಡಿ ಉಳಿದ ಮದ್ದು, ಗುಂಡು, ಕಾಗದ ಎಲ್ಲವನ್ನೂ ಬಾಯಿಂದ ಹಾಕಿ, ನಳಿಗೆಯ ಕೆಳಗಿನ ಗಜವನ್ನು, ಅಂದರೆ ಮದ್ದು ಜಡಿಯುವ ಕೋಲನ್ನು, ಎಳೆದು ಎರಡು ಸಲ ಜಡಿದು, ಗಜವನ್ನು ಮತ್ತೆ ಜಾಗಕ್ಕೆ ಸೇರಿಸಬೇಕು. ಕೊನೆಗೆ ಕುದುರೆಯನ್ನು ಪೂರ್ತಿ ಎಳೆಯಬೇಕು, ಇದು ಎರಡನೇ ಟಕ್. ಈ ಎರಡನೇ ಟಕ್ ಕೇಳಿದಾಗ ಎದುರಿನ ಪಾತ್ರಗಳು ಬೆಚ್ಚಿದರೆ ಸಹಜವಾಗಿರುತ್ತದೆ. ಇದು ಸಿಪಾಯಿಗಳ ಕ್ರಮ. ಬೇಟೆಗಾರರು ಮೊದಲು ನಳಿಗೆ ತುಂಬಿ ರಂಜಕವನ್ನು ಕೊನೆಗೆ ಹಾಕುತ್ತಿದ್ದರು, ಅದು ಹೆಚ್ಚು ಸುರಕ್ಷಿತ.

ಬಟ್ಟಲು ಭಗ್ಗನೆ ಉರಿದು ನಳಿಗೆ ಸಿಡಿಯದೇ ಹೋಗುವುದೂ ಆಗ ದಿನದ ಮಾತು. ಕಿವಿಯ ತೂತು ಒಂದೂವರೆಯಿಂದ ಎರಡು ಮಿಲಿಮೀಟರ್ ಮಾತ್ರ. ಹಿಂದಿನ ಹೊಡೆತದ ಕಿಟ್ಟ ಕಟ್ಟಿದರೆ ಉರಿ ಒಳಗೆ ಹೋಗದು. ಬಟ್ಟಲನ್ನು ತುಂಬಿ ತುಳುಕಿಸಿದರೂ ತೊಂದರೆಯೇ, ಕಿವಿ ಮುಚ್ಚಿ ಮದ್ದು ಬತ್ತಿಯಂತೆ ನಿಧಾನ ಉರಿಯುತ್ತದೆ. ನಾಟಕಕ್ಕೆ ಇದೊಂದು ಒಳ್ಳೆಯ ಸನ್ನಿವೇಶ: ಸಾಹೇಬ ಗುರಿ ಇಡುತ್ತಾನೆ, ಬರೀ ಹೊಗೆ ಬರುತ್ತದೆ, ರಾಯಣ್ಣ ಮುಂದೆ ನುಗ್ಗುತ್ತಾನೆ.

ರಂಗದ ಮೇಲೆ ಮರದ್ದೋ ಫೈಬರಿನದ್ದೋ ಪಿಸ್ತೂಲನ್ನೇ ಬಳಸಿ, ಸದ್ದು ಪರದೆಯ ಹಿಂದಿನಿಂದ ಬರಲಿ. ಮನೆತನದ ಹಳೆಯ ಪಿಸ್ತೂಲನ್ನು ಎಷ್ಟೇ ಖಾಲಿ ಎಂದರೂ ಒಯ್ಯಬೇಡಿ.

1824ರ ಕಿತ್ತೂರು ಯುದ್ಧದಲ್ಲಿ ಎರಡೂ ಕಡೆ ಇದೇ ಬಗೆಯ ಬಂದೂಕುಗಳಿದ್ದವೇ?
— ವಿದ್ಯಾರ್ಥಿ, ಖಾನಾಪುರ

ಕಂಪನಿಯ ಸಿಪಾಯಿಗಳ ಕೈಯಲ್ಲಿದ್ದದ್ದು ಚಕಮಕಿ ಬಂದೂಕು: 39 ಅಂಗುಲದ ನಳಿಗೆ, ಮುಕ್ಕಾಲು ಅಂಗುಲದ ಬಾಯಿ. ಕಂಪನಿ ತನ್ನ ಸೈನ್ಯಕ್ಕೆಂದು ಮಾಡಿಸಿದ ಈ ಮಾದರಿಯನ್ನೇ 1790ರ ದಶಕದಲ್ಲಿ ಬ್ರಿಟಿಷ್ ಸರ್ಕಾರವೂ ಎತ್ತಿಕೊಂಡಿತು. ದೇಶೀ ಸಂಸ್ಥಾನಗಳಲ್ಲಿ ಚಕಮಕಿ ಇರಲಿಲ್ಲವೆಂದಲ್ಲ. ಟಿಪ್ಪುವಿನ ಶ್ರೀರಂಗಪಟ್ಟಣದಲ್ಲಿ ಹುಲಿಮುಖದ ಚಕಮಕಿ ಬಂದೂಕು ಪಿಸ್ತೂಲುಗಳು ತಯಾರಾಗುತ್ತಿದ್ದವು. ಆದರೂ ದೇಶದ ಉದ್ದಗಲಕ್ಕೆ ಬತ್ತಿ ಬಂದೂಕು, ಅಂದರೆ ಉರಿಯುವ ಬತ್ತಿಯಿಂದ ಮದ್ದು ಹೊತ್ತಿಸುವ ಬಂದೂಕು, 19ನೇ ಶತಮಾನದವರೆಗೆ ಉಳಿಯಿತು. ಅದನ್ನು ಹಿಂದುಳಿದಿರುವಿಕೆ ಎಂದು ಬರೆಯುವವರ ಮಾತು ನಮಗೆ ಒಪ್ಪಿಗೆಯಿಲ್ಲ. ಬತ್ತಿ ಬಂದೂಕಿಗೆ ಬಿರುಸಿನ ಸ್ಪ್ರಿಂಗ್ ಬೇಡ, ಹದ ಕೊಟ್ಟ ಉಕ್ಕಿನ ಕದ ಬೇಡ, ಕಲ್ಲಿನ ಸರಬರಾಜು ಬೇಡ, ಕೆಟ್ಟರೆ ಊರ ಕಮ್ಮಾರನೇ ಸರಿಮಾಡುತ್ತಿದ್ದ.

ಚಿತ್ರ ಬರೆಯುವವರು ಗಮನಿಸಲಿ: ಕೇಪಿನ ಬಂದೂಕು, ಅಂದರೆ ಕಲ್ಲಿನ ಬದಲು ಪೆಟ್ಟಿಗೆ ಸಿಡಿಯುವ ಸಣ್ಣ ತಾಮ್ರದ ಟೋಪಿಯಿಂದ ಹೊತ್ತುವ ಬಂದೂಕು, ಬ್ರಿಟಿಷ್ ಸೈನ್ಯಕ್ಕೆ ಬಂದದ್ದು 1840ರ ಸುಮಾರಿಗೆ. ಚೆನ್ನಮ್ಮನ, ರಾಯಣ್ಣನ ಚಿತ್ರದಲ್ಲಿ ಸಿಪಾಯಿಯ ಬಂದೂಕಿಗೆ ಕಲ್ಲೂ ಕದವೂ ಕಾಣಬೇಕು. ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸುವ ಕಾಯ್ದೆಗೆ ಎದುರು ನಿಂತ ಹೊತ್ತಿಗೆ ಕಂಪನಿಯ ಸೈನ್ಯದಲ್ಲಿ ಕೇಪು ನೆಲೆಯೂರಿತ್ತು.

ವಿಜಯಪುರದ ಮಲಿಕ್-ಎ-ಮೈದಾನ್ ತೋಪಿಗೆ ಕುದುರೆ ಯಾಕಿಲ್ಲ?
— ವಿದ್ಯಾರ್ಥಿ, ಬಸವನ ಬಾಗೇವಾಡಿ

ಬೇಕಾಗಿರಲಿಲ್ಲ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಆ ತೋಪಿಗೂ ಕಿವಿ ಇದೆ, ಅದರಲ್ಲಿ ರಂಜಕ ತುಂಬಿ ಉದ್ದ ಕೋಲಿಗೆ ಸುತ್ತಿದ ಉರಿಬತ್ತಿ ಮುಟ್ಟಿಸುತ್ತಿದ್ದರು. ಒಂದು ಕೈಯಲ್ಲಿ ಪಿಸ್ತೂಲು, ಇನ್ನೊಂದರಲ್ಲಿ ಲಗಾಮು ಹಿಡಿದವನಿಗೆ ಉರಿಬತ್ತಿ ಹಿಡಿಯಲು ಮೂರನೇ ಕೈ ಎಲ್ಲಿಂದ ಬರಬೇಕು? ತನ್ನ ಬೆಂಕಿಯನ್ನು ತಾನೇ ಹುಟ್ಟಿಸಿಕೊಳ್ಳುವ ಲಾಕು ಹುಟ್ಟಿದ್ದು ಆ ಅಗತ್ಯಕ್ಕೆ. ಚಕಮಕಿ ಲಾಕಿನ ಪೂರ್ಣ ರೂಪ ಫ್ರಾನ್ಸಿನಲ್ಲಿ 17ನೇ ಶತಮಾನದ ಮೊದಲ ದಶಕಗಳದು.

‘ಟವರ್’ ಎಂದು ಅಚ್ಚಿರುವ ಪಿಸ್ತೂಲೊಂದನ್ನು ಮಾರಲು ಬಂದಿದ್ದಾರೆ. ಅಸಲಿಯೇ ಎಂದು ತಿಳಿಯುವುದು ಹೇಗೆ? ಕೊಂಡರೆ ಲೈಸೆನ್ಸ್ ಬೇಕೇ?
— ಓದುಗರು, ಜಮಖಂಡಿ

ಅಚ್ಚನ್ನು ನಂಬಬೇಡಿ. ಲಂಡನ್ನಿನ ಟವರ್ ಕೋಟೆಯ ಆಯುಧಾಗಾರದ ಹೆಸರು, ಕಿರೀಟ, ಜಾರ್ಜ್ ದೊರೆಯ ಜಿ.ಆರ್. ಅಕ್ಷರ ಇವು ಅಲಂಕಾರದ ನಕಲುಗಳ ಮೇಲೆ ಧಾರಾಳವಾಗಿ ಬಿದ್ದಿವೆ. ಕಂಪನಿಯ ಮಾಲಿನ ಮೇಲೆ ಮೊದಲು ಹೃದಯದ ಆಕಾರದ ಮುದ್ರೆ, 1808ರ ಈಚೆಗೆ ಕಿರೀಟ ಹಿಡಿದು ನಿಂತ ಸಿಂಹದ ಮುದ್ರೆ ಇರುತ್ತಿತ್ತು. ಅವುಗಳಿಗೂ ನಕಲುಗಳಿವೆ.

ಅದಕ್ಕಿಂತ ಕಿವಿಯನ್ನು ನೋಡಿ. ನಕಲಿನಲ್ಲಿ ತೂತು ಕೊರೆದೇ ಇರುವುದಿಲ್ಲ, ಇಲ್ಲವೆ ಸುತ್ತಲ ಕಬ್ಬಿಣ ನುಣ್ಣಗಿರುತ್ತದೆ. ದುಡಿದ ಪಿಸ್ತೂಲಿನಲ್ಲಿ ರಂಜಕದ ಕಿಟ್ಟ ತೇವ ಹೀರಿ ತಿಂದ ಗುಳಿಗಳು ಕಿವಿಯ ಸುತ್ತ, ಬಟ್ಟಲಿನ ತಳದಲ್ಲಿ ದಟ್ಟವಾಗಿದ್ದು ನಳಿಗೆಯ ಮುಂಭಾಗಕ್ಕೆ ಬರುತ್ತ ಕಡಿಮೆಯಾಗುತ್ತವೆ. ಇಡೀ ಮೈಗೆ ಒಂದೇ ಸಮ ತುಕ್ಕಿದ್ದರೆ ಅದು ಆಸಿಡ್ ಹಾಕಿ ಬರಿಸಿದ್ದಿರಬಹುದು. ಫಲಕದ ಒಳಮೈ ನೋಡದೆ ದುಡ್ಡು ಕೊಡಬೇಡಿ: ಅಸಲಿನಲ್ಲಿ ಅರದ ಗೀರು, ಕೆಲಸಗಾರನ ಸಣ್ಣ ಗುರುತು ಕಾಣುತ್ತವೆ, ನಕಲಿನಲ್ಲಿ ಎರಕದ ಅಚ್ಚಿನ ಗೆರೆ ಮತ್ತು ಕಾರ್ಖಾನೆಯ ಒಂದೇ ಅಳತೆಯ ತಿರುಪುಗಳು.

ಕಾನೂನು: 1959ರ ಆಯುಧ ಕಾಯ್ದೆಯ 45ನೇ ಕಲಮು ಹಳೆಯ ಮಾದರಿಯ, ಪುರಾತನ ಮೌಲ್ಯದ ಆಯುಧಕ್ಕೆ ವಿನಾಯಿತಿ ಕೊಡುತ್ತದೆ. ಆದರೆ ಅದಕ್ಕೆ ಒಂದು ಷರತ್ತಿದೆ. ರಿಪೇರಿ ಮಾಡಿದರೂ ಮಾಡದಿದ್ದರೂ ಅದು ಹಾರಿಸಲು ಬಾರದಂತಿರಬೇಕು. ಹಳೆಯದಾದರೆ ಸಾಕು ಎಂಬ ತಿಳಿವಳಿಕೆ ತಪ್ಪು. ಸ್ಪ್ರಿಂಗ್ ಹಾಕಿದರೆ ಕೆಲಸ ಮಾಡುವ ಪಿಸ್ತೂಲು ಆ ವಿನಾಯಿತಿಗೆ ಬರುವುದಿಲ್ಲ. ನೀವಾಗಿ ತೀರ್ಮಾನಿಸದೆ, ಕೊಳ್ಳುವ ಮುಂಚೆಯೇ ಚಿತ್ರ ಸಹಿತ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಟ್ಟು ಉತ್ತರವನ್ನು ಬರಹದಲ್ಲಿ ಪಡೆಯಿರಿ. ನೂರು ವರ್ಷ ದಾಟಿದ ವಸ್ತು 1972ರ ಪುರಾವಸ್ತು ಕಾಯ್ದೆಯಡಿಯೂ ಬರುತ್ತದೆ. ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ, ಮಾರಾಟವನ್ನೇ ಉದ್ಯೋಗ ಮಾಡಿಕೊಂಡವರಿಗೆ ಅದರದೇ ಲೈಸೆನ್ಸ್ ಬೇಕು. ಮಾರಲು ಬಂದವರ ಬಳಿ ಅದು ಇದೆಯೇ ಕೇಳಿ.

ಮಳೆಗಾಲದಲ್ಲಿ ಹೇಗೆ ಇಡಬೇಕು?
— ಓದುಗರು, ಬೆಳಗಾವಿ

ತೊಗಲಿನ ಚೀಲದಲ್ಲಿ ಇಡಬೇಡಿ, ತೊಗಲು ಹದ ಮಾಡಿದ ಹುಳಿ ಮತ್ತು ತೇವ ಎರಡೂ ಲೋಹಕ್ಕೆ ಇಳಿಯುತ್ತವೆ. ಸುದ್ದಿ ಕಾಗದವೂ ಬೇಡ. ಒಗೆದು ಒಣಗಿಸಿದ ಗಂಜಿಯಿಲ್ಲದ ಹತ್ತಿ ಬಟ್ಟೆ ಸುತ್ತಿ, ಹೊರಗೋಡೆಗೆ ತಾಗದ ಕಪಾಟಿನಲ್ಲಿ ಇಡಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಬೆರಳಿನ ಬೆವರು ಕಬ್ಬಿಣದ ಮೇಲೆ ಒಂದೇ ವಾರದಲ್ಲಿ ಕೆಂಪು ಅಚ್ಚು ಬಿಡುತ್ತದೆ, ಹಾಗಾಗಿ ಕೈಗವಸು ಹಾಕಿಕೊಂಡು ಮುಟ್ಟಿ, ಮುಟ್ಟಿದ ಮೇಲೆ ಒರೆಸಿ ತೆಳ್ಳಗೆ ಮೇಣ ಹಚ್ಚಿ. ವಿಜಯಪುರದ ಕಡೆಯ ಓದುಗರಿಗೆ ಚಿಂತೆ ತುಕ್ಕಿಗಿಂತ ಬೇಸಿಗೆಯದು. ಒಣ ಗಾಳಿಗೆ ಮರ ಕುಗ್ಗಿ ಲಾಕಿನ ಮೂಲೆಯಿಂದ ಸೀಳು ಬಿಡುತ್ತದೆ, ಆದ್ದರಿಂದ ಪತ್ರಾಸ್ ಛಾವಣಿಯ ಕೆಳಗೆ, ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ಇಡಬೇಡಿ. ಎಲ್ಲಿಟ್ಟರೂ ಕುದುರೆ ಕೆಳಗೆ ಇಳಿದಿರಲಿ, ಕದ ತೆರೆದಿರಲಿ. ಆಗ ಒಳಗಿನ ದೊಡ್ಡ ಸ್ಪ್ರಿಂಗು, ಕದವನ್ನು ಹಿಡಿದಿಡುವ ಸಣ್ಣ ಸ್ಪ್ರಿಂಗು ಎರಡರ ಮೇಲೂ ಭಾರ ಕಡಿಮೆ.